ದುರ್ಗದ ಚಳಿಗೆ ಮುಳ್ಳು ಜೆರೇನಿಯಂ ಸಾಯುತ್ತಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಪೆಲಾರ್ಗೋನಿಯಂ ಎಕಿನೇಟಂ, ಅಂದರೆ ಮುಳ್ಳು ಜೆರೇನಿಯಂ, ತರಿಸಿದ್ದೆ. ದಪ್ಪ ಕಾಂಡ, ಮೈತುಂಬ ಮುಳ್ಳು. ನಮ್ಮ ಮನೆ ಚಿತ್ರದುರ್ಗದಲ್ಲಿ, ಮಾಳಿಗೆ ಮೇಲೆ ಬೇಕಾದಷ್ಟು ಜಾಗವಿದೆ. ಗಿಡದ ಜೊತೆ ಬಂದ ಚೀಟಿಯಲ್ಲಿ ‘ಚಳಿ ತಡೆಯುವುದಿಲ್ಲ, 5 ಡಿಗ್ರಿಗಿಂತ ಕೆಳಗೆ ಬಿಡಬೇಡಿ, ಚಳಿಗಾಲದಲ್ಲಿ ಒಳಗಿಟ್ಟು ನೀರು ಕಡಿಮೆ ಮಾಡಿ’ ಎಂದಿತ್ತು. ಹಾಗೇ ಮಾಡಿದೆ. ಹಾಲ್‌ನಲ್ಲಿಟ್ಟ ಗಿಡ ಬಿಳಿಚಿಕೊಂಡು ಉದ್ದುದ್ದ ಬೆಳೆಯಿತು, ಒಂದು ಹೂವೂ ಬಿಡಲಿಲ್ಲ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿತು ಅಂತ ದಿನಾ ನೀರು ಹಾಕಿದೆ. ಈಗ ಮಳೆ ಮುಗಿಯುವ ಹೊತ್ತಿಗೆ ಒಂದು ಕೊಂಬೆಯ ಬುಡ ಕಪ್ಪಾಗಿದೆ. ಈ ಸಲ ಚಳಿಗಾಲಕ್ಕೆ ಏನು ಮಾಡಲಿ ಮೇಡಂ? ಊಟಿಯಲ್ಲಿರುವ ಮಗಳಿಗೂ ಒಂದು ಕೊಂಬೆ ಕೊಡಬೇಕೆಂದಿದ್ದೇನೆ. ಅಲ್ಲಿ ಬದುಕುತ್ತಾ?

ಉತ್ತರ: ದುರ್ಗದ ಚಳಿಗೆ ಈ ಗಿಡ ಸಾಯುವುದಿಲ್ಲ. ಈ ಸಲ ಅದನ್ನು ಹಾಲ್‌ಗೆ ತರಲೇಬೇಡಿ, ಮಾಳಿಗೆ ಮೇಲೆ ಬಿಸಿಲಿಗೆ ಇಡಿ. ಚಳಿಗಾಲವೇ ಅದು ಬೆಳೆಯುವ ಕಾಲ. ಅದು ಎದ್ದಿದ್ದಾಗ ನೀವು ಉಪವಾಸ ಕೆಡವಿದ್ದೀರಿ, ಮಲಗಿದಾಗ ಎಬ್ಬಿಸಿ ಉಣ್ಣಿಸಿದ್ದೀರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಚೀಟಿ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬೇರೆ ಊರಿನ ಚಳಿ. ಊಟಿಗೆ ಅದೇ ಚೀಟಿ ಮುಕ್ಕಾಲು ಪಾಲು ಸರಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಕಪ್ಪು ಕೊಂಬೆ. ಇದನ್ನು ನಾಳೆ ನಾಡಿದ್ದು ಅಂತ ಮುಂದೂಡಬೇಡಿ. ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಬಣ್ಣ ಮಾತ್ರ ಕಂದು ಇದ್ದರೆ ಅದು ಹಳೆ ತೊಗಟೆ, ಬಿಟ್ಟುಬಿಡಿ. ಮೆತ್ತಗಿದ್ದು ಬೆರಳಿಗೆ ಒಳಕ್ಕೆ ಹೋದರೆ ಕೊಳೆತಿದೆ ಅಂತಲೇ ಲೆಕ್ಕ. ಹೊಸ ಬ್ಲೇಡು ತಗೊಂಡು ಸ್ಪಿರಿಟ್‌ನಲ್ಲಿ ಒರೆಸಿ. ಕಪ್ಪಿನಿಂದ ಒಂದು ಬೆರಳಗಲ ಕೆಳಗೆ, ಗಟ್ಟಿ ಭಾಗದಲ್ಲಿ ಕತ್ತರಿಸಿ. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ತಿರುಳು ಬಿಳಿಯಾಗಿ, ಅಂಚು ಹಸಿರಾಗಿ ಇರಬೇಕು. ನಡುವೆ ಒಂದು ಕಂದು ಚುಕ್ಕಿ ಕಂಡರೂ ರೋಗ ಇನ್ನೂ ಕೆಳಗೆ ಇದೆ ಎಂದರ್ಥ. ಬ್ಲೇಡು ಮತ್ತೆ ಒರೆಸಿ ಇನ್ನಷ್ಟು ಕೆಳಗೆ ಕತ್ತರಿಸಿ. ಚುಕ್ಕಿ ಇಲ್ಲದ ಮುಖ ಸಿಗುವವರೆಗೆ ಹೀಗೇ ಮಾಡಬೇಕು, ಅರ್ಧ ಗಿಡ ಹೋದರೂ ಸರಿ. ಕೊನೆಗೆ ಗಾಯಕ್ಕೆ ಗಂಧಕದ ಪುಡಿ ಸವರಿ ಒಣಗಲು ಬಿಡಿ. ಹತ್ತು ದಿನ ನೀರು ಮುಟ್ಟಿಸಬೇಡಿ.

ಕೊಂಬೆಯ ಕಪ್ಪು ಬಣ್ಣ ಮಣ್ಣಿನ ಮಟ್ಟಕ್ಕೆ ಇಳಿದಿದ್ದರೆ ಗಿಡವನ್ನು ಕುಂಡದಿಂದ ತೆಗೆದು ನೋಡುವುದೇ ವಾಸಿ. ಎಕಿನೇಟಂಗೆ ಬೇರಿನಲ್ಲಿ ಗೆಡ್ಡೆಗಳಿರುತ್ತವೆ. ಅವು ಗಟ್ಟಿಯಾಗಿದ್ದರೆ ಮೇಲಿನದೆಲ್ಲ ಹೋದರೂ ಮತ್ತೆ ಚಿಗುರುವ ಆಸೆ ಇಟ್ಟುಕೊಳ್ಳಬಹುದು.

ಇನ್ನು ಈ ಗಿಡದ ತವರಿನ ವಿಷಯ. ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆಯಲ್ಲಿ ನಾಮಾಕ್ವಾಲ್ಯಾಂಡ್ ಎಂಬ ಬರಡು ಸೀಮೆ ಇದೆ. ಬಂಡೆ, ಕುರುಚಲು, ಬಿಸಿಲು. ಒಂದು ಫೋಟೋ ನೋಡಿದರೆ ಚಂದ್ರವಳ್ಳಿ ಹಿಂದಿನ ಗುಡ್ಡ ಅಂದುಕೊಳ್ಳಬಹುದು. ಆದರೆ ಮಳೆಯ ಲೆಕ್ಕ ಪೂರ್ತಿ ತಿರುಗಾಮುರುಗಾ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ, ಅದೂ ಬಹುಪಾಲು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ. ಭೂಮಿಯ ಆ ಭಾಗಕ್ಕೆ ಆಗಲೇ ಚಳಿಗಾಲ. ಬೇಸಿಗೆ ಅಲ್ಲಿ ಒಣ ಒಣ. ಹಾಗಾಗಿ ಈ ಗಿಡ ತಂಪು ಬಂದಾಗ ಚಿಗುರಿ, ಚಳಿ ಕಳೆಯುವಾಗ ಹೂಬಿಟ್ಟು, ಸೆಕೆ ಶುರುವಾದ ಕೂಡಲೇ ಎಲೆ ಉದುರಿಸಿ ಮಲಗುತ್ತದೆ. ನಿಮ್ಮ ಬೇಸಿಗೆಯ ಬೋಳು ಗಿಡಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ನಮ್ಮ ಕೋಟೆ ಬಂಡೆಗಳ ಸಂದಿಯ ಕಳ್ಳಿ ಇದಕ್ಕೆ ತದ್ವಿರುದ್ಧ. ಅದು ಮಳೆಗಾಲದಲ್ಲಿ ಕುಡಿದು ಬೆಳೆಯುತ್ತದೆ, ಚಳಿ ಮತ್ತು ಬೇಸಿಗೆಯಲ್ಲಿ ಸುಮ್ಮನಿರುತ್ತದೆ. ಎರಡನ್ನೂ ‘ಸಕ್ಯುಲೆಂಟ್’ (ಮೈಯಲ್ಲಿ ನೀರು ಕೂಡಿಡುವ ಗಿಡ) ಅಂತ ಒಂದೇ ಟ್ರೇನಲ್ಲಿಟ್ಟು ಮಾರುತ್ತಾರೆ. ಒಂದೇ ದಿನ ಒಂದೇ ಪೈಪಿನಲ್ಲಿ ನೀರು ಬಿಡುತ್ತೇವೆ. ಯಾವುದಾದರೂ ಒಂದು ಕೊಳೆಯಲೇಬೇಕು, ಅಲ್ವಾ?

ಮನೆ ಮುಂದೆ ಕೆಂಪು ಹೂಗೊಂಚಲು ಬಿಡುವ ಮಾಮೂಲಿ ಜೆರೇನಿಯಂ ಕೂಡ ಪೆಲಾರ್ಗೋನಿಯಂ ಕುಲದ್ದೇ. ಆದರೆ ಅದರ ಆರೈಕೆ ಇದಕ್ಕೆ ಹೊಂದುವುದಿಲ್ಲ. ಅದು ವರ್ಷವಿಡೀ ಎಲೆ ಇಟ್ಟುಕೊಂಡು ವರ್ಷವಿಡೀ ನೀರು ಕೇಳುವ ಗಿಡ. ಅಂತರ್ಜಾಲದಲ್ಲಿ ‘ಜೆರೇನಿಯಂ ಆರೈಕೆ’ ಎಂದು ಹುಡುಕಿದರೆ ಸಿಗುವುದೆಲ್ಲ ಅದರದೇ ಕತೆ.

ಚಳಿ ತಡೆಯುವುದಿಲ್ಲ ಅಂದರೆ ಯಾವ ಚಳಿ? ಇಲ್ಲೇ ಗೊಂದಲ ಇರುವುದು. ಚೀಟಿ ಹೇಳುತ್ತಿರುವುದು ನೀರು ಹೆಪ್ಪುಗಟ್ಟುವ ಚಳಿಯ ಮಾತು. ಈ ಗಿಡದ ಕಾಂಡದಲ್ಲಿ, ಗೆಡ್ಡೆಯಲ್ಲಿ ತುಂಬಿರುವುದೇ ನೀರು. ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಮೊದಲು ಜೀವಕೋಶಗಳ ನಡುವಿನ ಸಂದಿಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅದು ಕೋಶದೊಳಗಿನ ನೀರನ್ನೂ ಹೊರಗೆ ಎಳೆಯುತ್ತದೆ. ಕೋಶದ ತೆಳು ಪೊರೆ ಹರಿಯುತ್ತದೆ. ರಾತ್ರಿಯೆಲ್ಲ ಗಿಡ ನೋಡಲು ಚೆನ್ನಾಗಿಯೇ ಇರುತ್ತದೆ. ಬೆಳಗ್ಗೆ ಬಿಸಿಲು ಬಿದ್ದು ಕರಗಿದ ಮೇಲೆ ನೀರೆಲ್ಲ ಸೋರಿ, ಎಲೆ ಬೇಯಿಸಿದ ಸೊಪ್ಪಾಗಿ ಕಪ್ಪಗೆ ಜೋತುಬೀಳುತ್ತದೆ. ತೆಳುವಾದ ಎಲೆ ಮೊದಲು ಹೋಗುತ್ತದೆ. ದಪ್ಪ ಕಾಂಡ ತಣ್ಣಗಾಗಲು ಹೊತ್ತು ಹಿಡಿಯುವುದರಿಂದ ಸ್ವಲ್ಪ ತಡೆದುಕೊಳ್ಳುತ್ತದೆ.

ಸೊನ್ನೆಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಸಿಕ್ಕಿಹಾಕಿಕೊಂಡರೂ, ಮಣ್ಣು ಒಣಗಿದ್ದ ಗಿಡ ಎಲೆ ಕಳೆದುಕೊಂಡು ಕಾಂಡ ಉಳಿಸಿಕೊಳ್ಳಬಹುದು. ಮಣ್ಣು ಒದ್ದೆ ಇದ್ದರೆ ಆ ಅವಕಾಶ ಬಹಳ ಕಡಿಮೆ. ಹೆಪ್ಪುಗಟ್ಟದ ಚಳಿಯಲ್ಲೂ ಒದ್ದೆ ಮಣ್ಣಿನ ಕಾಟ ಇದ್ದೇ ಇದೆ. ತಂಪಿಗೆ ಬೇರು ನೀರು ಹೀರುವುದು ನಿಧಾನವಾಗುತ್ತದೆ, ಕುಂಡ ವಾರಗಟ್ಟಲೆ ಆರುವುದಿಲ್ಲ. ಆಗ ಪಿಥಿಯಂನಂಥ ಕೊಳೆರೋಗ ಬುಡಕ್ಕೆ ಹತ್ತುತ್ತದೆ. 5 ಡಿಗ್ರಿ ಅನ್ನುವ ಗೆರೆ ಹಾಕುವುದು ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು. ಅದಕ್ಕಿಂತ ಕೆಳಗೆ ಹೋದ ಕೂಡಲೇ ಗಿಡ ಸಾಯುತ್ತದೆ ಅಂತಲ್ಲ. ಅದು ಕೈಯಲ್ಲಿ ಸ್ವಲ್ಪ ಉಳಿಸಿಕೊಂಡು ಹಾಕಿದ ಗೆರೆ.

ಈಗ ನಮ್ಮ ಊರಿನ ಲೆಕ್ಕ ನೋಡಿ. ಡಿಸೆಂಬರ್, ಜನವರಿಯಲ್ಲಿ ದುರ್ಗದ ರಾತ್ರಿ ಸಾಮಾನ್ಯವಾಗಿ 15ರಿಂದ 17 ಡಿಗ್ರಿ. ತೀರಾ ಥಂಡಿ ಬಿದ್ದ ದಿನ 10-12ರ ಹತ್ತಿರ ಇಳಿಯಬಹುದು. ದಾವಣಗೆರೆಯದೂ ಹೆಚ್ಚುಕಡಿಮೆ ಇದೇ ಕತೆ. ಹಗಲು 28-30. ನಾವು ಸ್ವೆಟರ್ ಹಾಕಿ ಟೋಪಿ ಏರಿಸಿಕೊಳ್ಳುವ ಈ ಹವೆ ಎಕಿನೇಟಂಗೆ ಹೇಳಿ ಮಾಡಿಸಿದಂತಿದೆ. ಹಗಲು ರಾತ್ರಿಯ ನಡುವಿನ ಆ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸವೂ ಅದಕ್ಕೆ ಒಗ್ಗುತ್ತದೆ.

‘ಒಳಗಿಡಿ’ ಅನ್ನುವುದರ ಬಗ್ಗೆಯೂ ಒಂದು ಮಾತು. ಯೂರೋಪಿನ ತೋಟಗಾರರು ಹಾಗೆಂದರೆ ಬಹುತೇಕ ಗಾಜಿನ ಮನೆಯೊಳಗೆ ಅಂತ. ನಾಲ್ಕೂ ಕಡೆ, ಮೇಲೂ ಬೆಳಕು. ನಮ್ಮ ಹಾಲ್ ಹಾಗಲ್ಲವಲ್ಲ. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ; ನೆತ್ತಿ ಬಿಸಿಲು ಲಕ್ಷ ಲಕ್ಸ್ ಹತ್ತಿರ ಇದ್ದರೆ, ಟಿವಿ ಪಕ್ಕದ ಮೂಲೆಯಲ್ಲಿ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ. ಬೆಳೆಯುವ ಕಾಲದಲ್ಲಿ ಬೆಳಕಿಲ್ಲದೆ ಕೂತ ಗಿಡ ಬೆಳಕು ಹುಡುಕಿ ಉದ್ದ ತೊಟ್ಟು ಚಾಚುತ್ತದೆ. ಹೂವಿಗೆ ಬೇಕಾದ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಕಳೆದ ಸಲ ಹೀಗೆ ಉದ್ದಕ್ಕೆ ಬೆಳೆದ ಸಪೂರ ಕೊಂಬೆಗಳು ಇನ್ನೂ ಇದ್ದರೆ ಅರ್ಧಕ್ಕೆ ಕತ್ತರಿಸಿ. ಅವು ಮತ್ತೆ ದಪ್ಪವಾಗುವುದಿಲ್ಲ.

ಹಾಗಾದರೆ ಈ ಚಳಿಗಾಲದ ಕೆಲಸ ಏನು? ಸ್ವಾತಿ ಮಳೆ ಮುಗಿದ ಮೇಲೆ, ಅಂದರೆ ನವೆಂಬರ್ ಮೊದಲ ವಾರ ದಾಟಿದ ಮೇಲೆ, ಕುಂಡವನ್ನು ಬಿಸಿಲಿಗೆ ತನ್ನಿ. ನಾಲ್ಕೈದು ದಿನ ಬೆಳಗಿನ ಬಿಸಿಲಿಗೆ ಮಾತ್ರ ಇಟ್ಟು ರೂಢಿ ಮಾಡಿಸಿ, ಆಮೇಲೆ ಪೂರ್ತಿ ಬಿಸಿಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರದ ಗೋಡೆಗೆ ಒರಗಿಸಿ, ದಕ್ಷಿಣಕ್ಕೆ ಬಯಲಾಗಿ ಇಟ್ಟರೆ ದಿನವಿಡೀ ಬಿಸಿಲು ಬೀಳುತ್ತದೆ. ಗೋಡೆಯ ಶಾಖ ರಾತ್ರಿಗೂ ಸ್ವಲ್ಪ ಸಿಗುತ್ತದೆ.

ಸ್ವಲ್ಪ ದಿನದಲ್ಲೇ ಮುಳ್ಳುಗಳ ಸಂದಿಯಲ್ಲಿ ಕಾಳಿನಷ್ಟು ಬೂದುಹಸಿರು ಉಬ್ಬು ಕಾಣುತ್ತದೆ. ಅಂದಹಾಗೆ, ಈ ಮುಳ್ಳುಗಳು ಮೊದಲಿಗೆ ಮುಳ್ಳಾಗಿರುವುದಿಲ್ಲ. ಎಲೆತೊಟ್ಟಿನ ಬುಡದಲ್ಲಿರುವ ಎಲೆಯಂಥ ಪುಟ್ಟ ಚೂರುಗಳು ಎಲೆ ಉದುರಿದ ಮೇಲೂ ಉಳಿದು ಗಟ್ಟಿಯಾಗಿ ಮುಳ್ಳಾಗಿರುತ್ತವೆ. ಉಬ್ಬು ಬಿಚ್ಚಿ ಹೃದಯದಾಕಾರದ ಎಲೆ ಬರುತ್ತದೆ. ಹೊಸ ಎಲೆಯನ್ನು ಮಗುಚಿ ನೋಡಿ, ಅಡಿಯಲ್ಲಿ ಬಿಳಿ ಮಕಮಲ್ಲು ಅಂಟಿಸಿದ ಹಾಗಿರುತ್ತದೆ. ಆ ಉಬ್ಬು ಕಂಡ ದಿನದಿಂದ ನೀರು ಶುರು ಮಾಡಿ. ಅಲ್ಲಿಯವರೆಗೆ ಬೇಡ.

ನೀರು ಎಷ್ಟು ದಿನಕ್ಕೊಮ್ಮೆ ಅಂತ ಎಲ್ಲರೂ ಕೇಳುತ್ತಾರೆ. ದಿನ ಎಣಿಸಬೇಡಿ, ಕುಂಡ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ ಕೈಗೆ ನೆನಪಿರಲಿ. ಹಗುರವಾಗಿದೆ ಅನ್ನಿಸಿದರೆ ಬೆಳಗ್ಗೆ ಎಂಟು ಒಂಬತ್ತರ ಹೊತ್ತಿಗೆ, ತಳದ ತೂತಿನಿಂದ ಹರಿಯುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಸಂಜೆ ಬೇಡ, ರಾತ್ರಿಯ ತಂಪಿಗೆ ಬುಡ ಒದ್ದೆಯಾಗಿ ಉಳಿಯುತ್ತದೆ. ಆರಿಂಚಿನ ಮಣ್ಣಿನ ಕುಂಡ ಮಾಳಿಗೆಯ ಬಿಸಿಲು ಗಾಳಿಗೆ ಸಾಮಾನ್ಯವಾಗಿ ಐದಾರು ದಿನಕ್ಕೆ ಆರುತ್ತದೆ. ಪ್ಲಾಸ್ಟಿಕ್ ಕುಂಡ ಇನ್ನೂ ತಡ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುವುದು ಅದರಿಂದಲೇ. ಮಳೆನೀರು ಹಿಡಿದಿಟ್ಟಿದ್ದರೆ ನಡುನಡುವೆ ಅದನ್ನು ಧಾರಾಳವಾಗಿ ಸುರಿದು ಉಪ್ಪು ತೊಳೆದುಹೋಗುವಂತೆ ಮಾಡಿ.

ದುರ್ಗದ ಚಳಿಗಾಲದಲ್ಲಿ ನನಗೆ ಭಯ ಇರುವುದು ಒಂದಕ್ಕೇ, ಸೈಕ್ಲೋನ್ ಮೋಡಕ್ಕೆ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೂರು ನಾಲ್ಕು ದಿನ ಸೂರ್ಯ ಕಾಣುವುದಿಲ್ಲ, ಸಣ್ಣಗೆ ಜಿಟಿಜಿಟಿ ಹನಿಯುತ್ತಲೇ ಇರುತ್ತದೆ. ಗಿಡದ ಎಲೆ ತುಂಬಿರುವ ಕಾಲ, ಮಣ್ಣು ಒದ್ದೆ, ಗಾಳಿ ತೇವ. 12 ಡಿಗ್ರಿಯ ಒಣ ರಾತ್ರಿಗಿಂತ 20 ಡಿಗ್ರಿಯ ಈ ಜಡಿ ದಿನಗಳು ಕೆಟ್ಟವು. ಹವಾಮಾನ ಸುದ್ದಿ ಕೇಳಿದ ಕೂಡಲೇ ಕುಂಡವನ್ನು ಸಜ್ಜದ ಕೆಳಗೆ ಸರಿಸಿ, ಬಿಸಿಲು ಬರುವವರೆಗೆ ನೀರು ನಿಲ್ಲಿಸಿ. ಬರೀ ಇಬ್ಬನಿಗೆ ಹೆದರಬೇಕಿಲ್ಲ, ಬೆಳಗಿನ ಬಿಸಿಲಿಗೆ ಆರಿಹೋಗುತ್ತದೆ.

ಮಣ್ಣು ಬದಲಾಯಿಸುವುದಾದರೆ ಅದಕ್ಕೂ ಈಗಲೇ ಸಮಯ. ಹೊಲದ ಎರೆಮಣ್ಣು ಒಂದು ಹಿಡಿಯೂ ಬೇಡ. ಹತ್ತಿಗೆ ಒಳ್ಳೆಯದು, ಇದಕ್ಕೆ ಗೋರಿ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಜರಡಿ ಹಿಡಿದು ಧೂಳು ತೆಗೆದ ಸಣ್ಣ ಜಲ್ಲಿ, ಒಂದು ಪಾಲು ಕಡಲೆಗಾತ್ರದ ಇಟ್ಟಿಗೆ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದೇ ಹಾಕಿ, ಅದರ ಪುಡಿ ಸಿಮೆಂಟಿನಂತೆ ಗಟ್ಟಿಕಟ್ಟುತ್ತದೆ. ಬರೀ ಕೊಕೊಪೀಟ್‌ನಲ್ಲಿ ನೆಟ್ಟು ಕಳಿಸುವ ನರ್ಸರಿಗಳಿವೆ. ನಿಮ್ಮದೂ ಹಾಗಿದ್ದರೆ ಅದನ್ನೆಲ್ಲ ಉದುರಿಸಿ ಬಿಡಿ. ಗೊಬ್ಬರದ ಚಿಂತೆ ಜಾಸ್ತಿ ಬೇಡ. ಎಲೆ ಬಂದ ಮೇಲೆ ತಿಂಗಳಿಗೊಮ್ಮೆ, ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರವನ್ನು ಹೇಳಿದ ಪ್ರಮಾಣದ ಅರ್ಧಕ್ಕೆ ತೆಳು ಮಾಡಿ ಕೊಟ್ಟರೆ ಸಾಕು. ಯೂರಿಯಾ ಮಾತ್ರ ಹಾಕಬೇಡಿ, ಮೆತ್ತನೆ ಬೆಳೆದು ರೋಗ ಕರೆಯುತ್ತದೆ. ಕೊಂಬೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಗುಡ್ಡೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದೊಂದಾಗಿ ತೆಗೆಯಿರಿ.

ಇಷ್ಟಾದರೆ ಸಂಕ್ರಾಂತಿ, ಶಿವರಾತ್ರಿ ನಡುವೆ ಹೂ ನಿರೀಕ್ಷಿಸಬಹುದು. ಬಿಳಿ ಅಥವಾ ಗುಲಾಬಿ ಹೂ, ಮೇಲಿನ ಎಸಳುಗಳ ಮೇಲೆ ಕಡುಗೆಂಪು ಮಚ್ಚೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಕೆಳಗಿನ ಎಲೆ ಹಳದಿಯಾಗುತ್ತದೆ. ಆಗ ನೀರಿನ ಅಂತರ ಹೆಚ್ಚಿಸುತ್ತಾ ಹೋಗಿ. ಯುಗಾದಿ ಹೊತ್ತಿಗೆ ಪೂರ್ತಿ ನಿಲ್ಲಿಸಿ. ಇಲ್ಲಿಂದ ಅದನ್ನು ಈರುಳ್ಳಿ ಕಾಪಾಡುವ ಹಾಗೆ ಕಾಪಾಡಬೇಕು: ನೆರಳು, ಗಾಳಿ, ಒಣ ಜಾಗ. ನಿಮ್ಮ ಸೀಮೆಯ ರೈತರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಏಪ್ರಿಲ್‌ನ ಮಾಳಿಗೆ ಕಾಂಕ್ರೀಟು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಅದರ ಮೇಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಗೆಡ್ಡೆ ಬೆಂದೇ ಹೋಗುತ್ತದೆ. ಕೆಳಗಿಳಿಸಿ, ಪಡಸಾಲೆಯಲ್ಲೋ ಮೆಟ್ಟಿಲ ಪಕ್ಕದಲ್ಲೋ ಇಡಿ. ಕಾಂಡ ತೀರಾ ಸುಕ್ಕುಗಟ್ಟಿದರೆ ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧ ಲೋಟ ನೀರು, ಅದೂ ಕುಂಡದ ಅಂಚಿಗೆ. ಬೋಳು ಗಿಡ ನೋಡಿ ಕನಿಕರಪಟ್ಟು ಯಾರಾದರೂ ನೀರು ಹಾಕಿಬಿಡುತ್ತಾರೆ. ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ನಮ್ಮ ಕಡೆ ಇನ್ನೊಂದು ತರಲೆ ಇದೆ. ಆಷಾಢ ಶ್ರಾವಣದಲ್ಲಿ ದುರ್ಗದಲ್ಲಿ ಮೋಡ, ಗಾಳಿ, ಹಗಲೂ ತಂಪು. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ಕಾಲ ಅದು. ಈ ತಂಪಿಗೆ ಗಿಡ ಚಳಿಗಾಲವೇ ಬಂತೆಂದು ಮೋಸಹೋಗಿ ನಾಲ್ಕೆಲೆ ಬಿಡಬಹುದು. ಆಗ ಖುಷಿಯಿಂದ ಮಳೆಗೆ ಇಡಬೇಡಿ. ಸಜ್ಜದ ಕೆಳಗೇ ಇಟ್ಟು, ಎಲೆ ಬಾಡದಷ್ಟು ಮಾತ್ರ ನೀರು ಕೊಡಿ. ಜಿಲ್ಲೆಯ ಜೋರು ಮಳೆ ಬರುವುದು ಆಮೇಲೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಿಮ್ಮ ಕೊಂಬೆ ಕೊಳೆತದ್ದೂ ಬಹುಶಃ ಆಗಲೇ. ಬೇಸಿಗೆಯಲ್ಲಿ ದಿನಾ ಬಿದ್ದ ನೀರಿಗೆ ಬೇರು ಕೆಟ್ಟಿತ್ತು, ಹುಬ್ಬೆ ಉತ್ತರೆ ಮಳೆ ಅದನ್ನು ಮುಗಿಸಿತು.

ಇನ್ನು ಊಟಿ. ಅದು ಸುಮಾರು 2,240 ಮೀಟರ್ ಎತ್ತರದಲ್ಲಿದೆ, ನಮ್ಮ ದುರ್ಗ 730ರ ಹತ್ತಿರ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟುವ ರಾತ್ರಿಗಳು ಬರುತ್ತವೆ. ಮಗಳ ಮನೆ ಎಲ್ಲಿದೆ ಅನ್ನುವುದೂ ಮುಖ್ಯ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ತುಂಬುತ್ತದೆ. ರೇಸ್‌ಕೋರ್ಸ್ ಬಯಲು, ತಲೈಕುಂದದಂಥ ತಗ್ಗು ಜಾಗಗಳಲ್ಲಿ ಹೆಪ್ಪುಗಟ್ಟಿದರೂ ಗುಡ್ಡದ ನಡು ಇಳಿಜಾರಿನ ಮನೆಯಂಗಳದಲ್ಲಿ ಏನೂ ಆಗದೆ ಇರಬಹುದು. ಫೋನಿನಲ್ಲಿ ‘ಕನಿಷ್ಠ 3 ಡಿಗ್ರಿ’ ಅಂತ ತೋರಿಸಿದರೆ ಸೊನ್ನೆ ಇಲ್ಲವಲ್ಲ ಅಂತ ಸುಮ್ಮನಿರುವ ಹಾಗೂ ಇಲ್ಲ. ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ರಾತ್ರಿ ಎಲೆ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ತಣ್ಣಗಾಗುತ್ತದೆ.

ಅದಕ್ಕೇ ತಲೆಯ ಮೇಲೊಂದು ಸೂರು ಬೇಕು. ತಗಡಾದರೂ ಸರಿ. ದಕ್ಷಿಣಕ್ಕಿರುವ ಕಿಟಕಿಯ ಒಳಬದಿ ಇನ್ನೂ ಒಳ್ಳೆಯದು, ಆದರೆ ರಾತ್ರಿ ಎಲೆ ಗಾಜಿಗೆ ತಾಗಬಾರದು. ಹೊರಗೇ ಇಡಬೇಕಾಗಿ ಬಂದರೆ ಸಂಜೆ ಹಳೆ ಪಂಚೆಯೋ ಪೇಪರೋ ಮುಚ್ಚಿ, ಬೆಳಗ್ಗೆ ತೆಗೆಯಲಿ. ಪ್ಲಾಸ್ಟಿಕ್ ಹಾಳೆ ಎಲೆಗೆ ಅಂಟಿದ ಕಡೆಯೆಲ್ಲ ಸುಡುತ್ತದೆ, ಒಳಗೆ ಹನಿಯೂ ಕಟ್ಟುತ್ತದೆ. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ನೀರು ನಿಜಕ್ಕೂ ಕಡಿಮೆ ಮಾಡಬೇಕು. ಚೀಟಿ ಸರಿಯಾಗುವುದು ಇಲ್ಲಿ. ಹಗಲು ಬೆಳಕು ಮಾತ್ರ ಕಡಿಮೆಯಾಗಬಾರದು.

ಯಾವತ್ತಾದರೂ ಗಿಡ ಹೆಪ್ಪುಗಟ್ಟಿದ್ದು ಕಂಡರೆ ಬಿಸಿನೀರು ಹಾಕುವುದು, ಒಲೆ ಪಕ್ಕ ಇಡುವುದು ಬೇಡ. ಬಿಸಿಲು ತಾಗದ ಕಡೆ ನಿಧಾನವಾಗಿ ಕರಗಲಿ. ಕೆಲವು ದಿನ ಕಾದರೆ ಯಾವುದು ಸತ್ತಿದೆ, ಯಾವುದು ಗಟ್ಟಿ ಇದೆ ಅಂತ ತಾನೇ ತಿಳಿಯುತ್ತದೆ. ಆಮೇಲೆ ಮೆತ್ತಗಾದದ್ದನ್ನು ಕತ್ತರಿಸಿ ಒಣಗಿಸಿಡಲಿ.

ಕೊಂಬೆ ಕೊಡುವುದಾದರೆ ಕೊಳೆತ ಕೊಂಬೆಯ ತುದಿ ಕೊಡಬೇಡಿ, ನೋಡಲು ಚೆನ್ನಾಗಿದ್ದರೂ ರೋಗ ಜೊತೆಗೇ ಹೋಗಬಹುದು. ಚೆನ್ನಾಗಿರುವ ಇನ್ನೊಂದು ಕೊಂಬೆಯಿಂದ ಬೆರಳುದ್ದ ಕತ್ತರಿಸಿ. ಕೆಳಗಿನ ಎಲೆ ತೆಗೆದು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ತುದಿ ಗಟ್ಟಿಯಾದ ಮೇಲೆ ಜಲ್ಲಿ ಬೆರೆತ ಮಣ್ಣಿಗೆ ಊರಿ. ನವೆಂಬರ್‌ನಲ್ಲಿ ನೆಟ್ಟರೆ ನಮ್ಮ ಹವೆಗೆ ಚೆನ್ನಾಗಿ ಬೇರು ಬಿಡುತ್ತದೆ. ಆದರೆ ಬೇರು ಬಂತು ಅಂತ ಡಿಸೆಂಬರ್‌ನಲ್ಲೇ ಊಟಿ ಬಸ್ಸು ಹತ್ತಿಸಬೇಡಿ. ಎಳೆ ಗಿಡಕ್ಕೆ ಗೆಡ್ಡೆ ಇನ್ನೂ ಕಟ್ಟಿರುವುದಿಲ್ಲ, ಒಂದು ಹೆಪ್ಪಿನ ರಾತ್ರಿಗೆ ಪೂರ್ತಿ ಹೋಗುತ್ತದೆ. ಚಳಿಗಾಲ ನಿಮ್ಮ ಮಾಳಿಗೆ ಮೇಲೆ ಕಳೆಯಲಿ, ಫೆಬ್ರವರಿ ಕೊನೆಗೆ ಕಳಿಸಿ. ಮಣ್ಣು ಒಣಗಿದ ಮೇಲೆ, ಮುಳ್ಳು ಚುಚ್ಚದ ಹಾಗೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಡಿ. ಊಟಿಯ ಬೇಸಿಗೆ ತಂಪಾಗಿರುವುದರಿಂದ ಅಲ್ಲಿ ಅದು ಪೂರ್ತಿ ಬೋಳಾಗದೆ ಸ್ವಲ್ಪ ಎಲೆ ಉಳಿಸಿಕೊಳ್ಳಬಹುದು. ಎಲೆ ಇರುವಷ್ಟು ದಿನ ಮಣ್ಣು ಪೂರ್ತಿ ಆರಿದ ಮೇಲೆ ಸ್ವಲ್ಪ ಸ್ವಲ್ಪ ನೀರು ಕೊಡಲಿ, ಜೂನ್ ಮಳೆ ಶುರುವಾಗುವ ಮುಂಚೆ ಸೂರಿನ ಕೆಳಗೆ ಸರಿಸಲಿ.